ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ) ಹಾಕಿ 52 ದಿನ ಆತು, ಪಂಚಾಯ್ತಿಯಿಂದ ಒಂದ್ ಚೀಟಿನೂ ಬಂದಿಲ್ಲ, ಮುಂದ ಏನ್ ಮಾಡ್ಬೇಕ್ರಿ?

ಶಹಾಪುರ್ ಹುಡುಗ:
ನಮಸ್ಕಾರ್ರಿ ಎಲ್ಲಾರಿಗೂ. ನಮ್ದು ಯಾದಗಿರಿ ಜಿಲ್ಲಾ ಶಹಾಪುರ ತಾಲ್ಲೂಕ, ಊರ ಹೆಸರು ಬ್ಯಾಡ ಬಿಡ್ರಿ. ಹೋದ್ ವರ್ಷ ನಮ್ಮ ಓಣ್ಯಾಗ ಸಿಸಿ ರೋಡ್ ಮಾಡ್ಯಾರ, ಒಂದ್ ಮಳಿಗಾಲ ಸೈತ ತಡೀಲಿಲ್ಲ, ನಟ್ಟನಡುವ ಬಿರುಕ್ ಬಿಟ್ಟದ, ಟ್ರ್ಯಾಕ್ಟರ್ ಗಾಲಿ ಹತ್ತೋ ಕಡಿ ಅಂಚು ಒಣಾ ರೊಟ್ಟಿ ಮುರದಂಗ ಮುರದದ. ಪಂಚಾಯ್ತಿಗೆ ಆರ್‌ಟಿಐ ಹಾಕ್ದೆ, 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಸ್ಪೀಡ್ ಪೋಸ್ಟ್ ಮಾಡೀನಿ, ಮುಟ್ಟಿ ಇವತ್ತಿಗೆ 52 ದಿನ. ಕೇಳಿದ್ದು ಇಷ್ಟು: ರೋಡ್ ಯಾಕ ಕಳಪೆ ಆಗ್ಯದ, ಯಾರ್ ಜವಾಬ್ದಾರಿ, ಯಾವಾಗ ಕ್ರಮ ತಗೋತೀರಿ, ಮತ್ತ 5 ವರ್ಷದಾಗ ಆದ ಎಲ್ಲಾ ಕಾಮಗಾರಿ ದಾಖಲೆ ಕೊಡ್ರಿ ಅಂತ. ಉತ್ತರ ಇಲ್ಲ. ಆದ್ರ ಗುತ್ತಿಗೆದಾರ ಮಾತ್ರ ಸಂಜಿಕ ಮನಿಗೆ ಬಂದು ಚಾ ಕುಡದು "ತಮ್ಮಾ, ಏನೋ ಅರ್ಜಿ ಹಾಕೀಯಂತ?" ಅಂತ ಕೇಳಿ ಹೋದ, ಅವನಿಗೆ ಯಾರ್ ಹೇಳಿದ್ರು ದೇವರಿಗೇ ಗೊತ್ತು. ಅವ್ವ ಅವತ್ತಿಂದ ಬಿಟ್ಬಿಡು ಅನ್ಲತ್ತಾಳ. ಬಿಡ್ಲೋ ಮುಂದ ಹೋಗ್ಲೋ?

ತೊಗರಿ ಹೊಲ, ಕಲಬುರಗಿ:
ಮದ್ಲ ತಾರೀಖ್ ಲೆಕ್ಕ ಹಾಕು ತಮ್ಮಾ, ಉಳದದ್ದೆಲ್ಲ ಆಮ್ಯಾಲ. ಅರ್ಜಿ ಮುಟ್ಟಿ 30 ದಿನದಾಗ ಉತ್ತರ ಕೊಡ್ಬೇಕು, ಕೊಡ್ಲಿಲ್ಲಂದ್ರ ಅದು ನಿರಾಕರಣೆ ಮಾಡ್ದಂಗ ಲೆಕ್ಕ, ಅಲ್ಲಿಂದ ಮತ್ತ 30 ದಿನದಾಗ ಮೊದಲನೇ ಮೇಲ್ಮನವಿ ಹಾಕ್ಬೇಕು. ಅಂದ್ರ ನಿನಗ ಇನ್ನಾ 8 ದಿನ ಅದ. ತಡಾ ಆದ್ರ ಕಾರಣ ಬರದು ಕೇಳ್ಕೋಬಹುದು, ಖರೆ, ಆದ್ರ ಅವರ ದಯಾದ ಮ್ಯಾಲ ಯಾಕ ಕುಂದ್ರಬೇಕು. ಗ್ರಾಮ ಪಂಚಾಯ್ತಿದಾಗ ಮಾಹಿತಿ ಅಧಿಕಾರಿ ಅಂದ್ರ ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಅಪೀಲು ತಾಲ್ಲೂಕ್ ಪಂಚಾಯ್ತಿ ಇಓ (ಕಾರ್ಯನಿರ್ವಾಹಕ ಅಧಿಕಾರಿ) ಹತ್ರ. ಫೀಸ್ ಇಲ್ಲ. ಒಂದೇ ಹಾಳಿ ಸಾಕು: ಇಂಥಾ ದಿನ ಅರ್ಜಿ ಮುಟ್ಟ್ಯದ, ಉತ್ತರ ಬಂದಿಲ್ಲ, ಕೊಡಿಸ್ರಿ. ಅರ್ಜಿದ ಜೆರಾಕ್ಸ್, ಪೋಸ್ಟಿನ ರಸೀದಿ, ಮುಟ್ಟಿದ ಟ್ರ್ಯಾಕಿಂಗ್ ಪ್ರಿಂಟ್ ಹಚ್ಚು. ಇಓ 30 ದಿನದಾಗ ತೀರ್ಮಾನ ಮಾಡ್ಬೇಕು, ಭಾಳಂದ್ರ 45. ಇನ್ನೊಂದು, 30 ದಿನ ದಾಟ್ಯದಲ್ಲ, ಈಗ ಕಾಪಿ ಕೊಟ್ರ ಪುಕ್ಕಟೆನೇ ಕೊಡ್ಬೇಕು, ಪುಟಕ್ಕ 2 ರೂಪಾಯಿ ಕೇಳಂಗಿಲ್ಲ.

ಸುಮ್ನ ಕುಂತಾಂವ:
ಏನೂ ಆಗಂಗಿಲ್ಲ ಬಿಡ್ರಿ. ಇಓ ಪಿಡಿಓ ಎಲ್ಲಾ ಒಂದೇ ತಾಟಿನ್ಯಾಗ ಉಣ್ಣೋರು. ಎರಡನೇ ಅಪೀಲ್ ತನ ಹೋಗಿ ತಾರೀಖ್ ಬರೋದ್ರಾಗ ಆ ರೋಡ್ ಕಿತ್ತಿ ಇನ್ನೊಂದ್ ರೋಡ್ ಹಾಕಿರ್ತಾರ, ಬಿಲ್ಲೂ ಎತ್ತಿರ್ತಾರ.

ಹಳೇ ಗುಮಾಸ್ತ, ಭಾಲ್ಕಿ:
ಕುಂತಾಂವ ಹೇಳಿದ್ದು ಪೂರಾ ಸುಳ್ಳಲ್ಲ, ಆದ್ರ ನಾ ಒಳಗ ಕುಂತು ಇಂಥಾ ಅರ್ಜಿ ಬಿಚ್ಚಿ ಓದಿದಾಂವ, ಅದಕ್ಕ ಹೇಳ್ತೀನಿ, ತಪ್ಪು ನಿನ್ನ ಅರ್ಜಿದಾಗೂ ಅದ ತಮ್ಮಾ. "ಯಾಕ ಕಳಪೆ" ಅಂತ ಬರದ ಅರ್ಜಿ ಬಂದ್ರ ಕ್ಲರ್ಕಿಗೆ ಹಬ್ಬ. ಯಾಕ ಅನ್ನೋದು ಫೈಲಿನ್ಯಾಗ ಇರಂಗಿಲ್ಲ, ಕಚೇರಿ ಕಪಾಟಿನ್ಯಾಗ ಏನ್ ಕಾಗದ ಅದ ಅದನ್ನಷ್ಟೇ ಕೊಡೋ ಕಾನೂನು ಇದು, ಅಭಿಪ್ರಾಯ ಸಲಹೆ ಕೊಡೋ ಬಾಧ್ಯತೆ ಇಲ್ಲ ಅಂತ 2011ರಾಗ ಸುಪ್ರೀಂ ಕೋರ್ಟೇ ಹೇಳ್ಯದ. ಮತ್ತ ನಮ್ಮ ಕರ್ನಾಟಕದ ನಿಯಮದಾಗ ಒಂದ್ ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ. 5 ವರ್ಷದ್ದು ಎಲ್ಲಾ ಕೊಡ್ರಿ ಅಂದ್ರ ಅದೇ ನೆವ ಹೇಳಿ ವಾಪಸ್ ಕಳಸ್ತಾರ. ಅದಕ್ಕ ಅಪೀಲ್ ಹಾಕೋದು ಹಾಕು, ಜೋಡಿಗೆ ಹೊಸಾ ಅರ್ಜಿನೂ ಹಾಕು, ಕಾಗದದ ಹೆಸರು ಹಿಡದು ಕೇಳು. ಆ ರೋಡಿಂದು ಎಸ್ಟಿಮೇಟ್, ಕಾರ್ಯಾದೇಶ, ಎಂಬಿ (ಅಳತಿ) ಪುಸ್ತಕದ ಆ ಪುಟಗಳು, ಬಿಲ್ಲು, ಕ್ವಾಲಿಟಿ ಟೆಸ್ಟ್ ರಿಪೋರ್ಟ್, ಕಾಮಗಾರಿ ಮದ್ಲ ನಡು ಕಡೀಗ ತೆಗದ ಫೋಟೋ. ಇಷ್ಟೇ.

ಇದರಾಗ ಜೀವ ಇರೋದು ಎಂಬಿದಾಗ. ಎಂಜಿನಿಯರ್ ಅಳತಿ ಬರಿಯೋ ಪುಸ್ತಕ ಅದು, ಉದ್ದ ಅಗಲ ದಪ್ಪ ಅಂತ ಕಾಲಂ ಇರ್ತಾವ, ಅದರ ಮ್ಯಾಲನೇ ಬಿಲ್ ಆಗೋದು. ರಿಟೈರ್ ಆದ ಮ್ಯಾಲ ನಮ್ಮೂರ ಗಟಾರದ ಎಂಬಿ ನಾನೇ ತೆಗೆಸ್ದೆ. 120 ಮೀಟರ್ ಅಂತ ಬರದಿದ್ರು. ಮೊಮ್ಮಗನ ಕೈಯಾಗ ಟೇಪಿನ ತುದಿ ಕೊಟ್ಟು ಹನುಮಪ್ಪನ ಗುಡಿಯಿಂದ ಹಿಡದು ಅಳದ್ರ, ಗಟಾರ ಮುಗದು ಜಾಲಿ ಗಿಡ ಬಂತು, 87 ಮೀಟರ್. ಹುಡುಗ "ತಾತಾ ಇನ್ನ ಎಲ್ಲಿ ಅಳೀಲಿ" ಅಂತ ಗಿಡದಾಗ ನಿಂತಿದ್ದ. ಆ ಪುಟಾ ಹಿಡಕೊಂಡು ಗ್ರಾಮಸಭಾದಾಗ ಎದ್ದು ನಿಂತೆ, ಒಂದ್ ಮಾತ್ ಜೋರ್ ಮಾಡ್ಲಿಲ್ಲ, ಎರಡೂ ನಂಬರ್ ಓದಿ ಕುಂತೆ. ಹದಿನೈದ್ ದಿನದಾಗ ಜೆಸಿಬಿ ಬಂತು.

ಶಹಾಪುರ್ ಹುಡುಗ:
ಗುಮಾಸ್ತ್ರೇ ಇದು ಯಾರೂ ಹೇಳಿರ್ಲಿಲ್ಲ. ಆದ್ರ ಯಾಕ ಬೇಕು ಅಂತ ಕೇಳಿದ್ರ ಏನ್ ಹೇಳ್ಲಿ? ಮತ್ತ ಯಾವ ರೊಕ್ಕದಾಗ ಮಾಡ್ಯಾರೋ ನನಗ ಗೊತ್ತಿಲ್ಲ, ಬೋರ್ಡೇ ಹಾಕಿಲ್ಲ.

ತೊಗರಿ ಹೊಲ, ಕಲಬುರಗಿ:
ಕಾರಣ ಕೇಳೋ ಹಕ್ಕೇ ಇಲ್ಲ ಅವರಿಗೆ, ಸೆಕ್ಷನ್ 6(2). ನಿನ್ನ ವಿಳಾಸ ಬಿಟ್ಟು ಬ್ಯಾರೇನೂ ಕೇಳಂಗಿಲ್ಲ. ರೊಕ್ಕದ ವಿಷಯ ಖರೇನೇ ತೊಡಕು, ನಮ್ ಕಡಿ ಉದ್ಯೋಗ ಖಾತ್ರಿ, ಹಣಕಾಸು ಆಯೋಗದ ರೊಕ್ಕ, ಶಾಸಕರ ಅನುದಾನ, ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ಯಾವುದೂ ಇರಬಹುದು, ಬ್ಯಾರೆ ಇಲಾಖೆ ಮಾಡಿದ್ರ ಫೈಲ್ ಪಂಚಾಯ್ತಿದಾಗ ಇರಂಗಿಲ್ಲ. ಆದ್ರ ಅದು ನಿನ್ನ ತಲಿನೋವಲ್ಲ, ನಮ್ಮಲ್ಲಿಲ್ಲ ಅಂದ್ರ 5 ದಿನದಾಗ ಸಂಬಂಧಪಟ್ಟ ಕಚೇರಿಗೆ ಅವರೇ ಕಳಸಬೇಕು, 6(3). ಇಓ ಹತ್ರನೂ ಆಗ್ಲಿಲ್ಲಂದ್ರ 90 ದಿನದಾಗ ಮಾಹಿತಿ ಆಯೋಗ, ಕಲಬುರಗಿದಾಗೇ ಪೀಠ ಅದ, ಬೆಂಗಳೂರಿಗೆ ರೈಲ್ ಹತ್ತೋದು ಬ್ಯಾಡ. ಅಲ್ಲಿ ತಪ್ಪು ಸಾಬೀತಾದ್ರ ಪಿಡಿಓ ಕಿಸೆಯಿಂದ ದಿನಕ್ಕ 250, ಹೆಚ್ಚಂದ್ರ 25 ಸಾವಿರ ದಂಡ.

ಹಳೇ ಗುಮಾಸ್ತ, ಭಾಲ್ಕಿ:
ಇನ್ನೊಂದ್ ಮರತಿದ್ದೆ. ಕಾಗದ ಅಷ್ಟೇ ಅಲ್ಲ, ಸೆಕ್ಷನ್ 2(ಜೆ) ಪ್ರಕಾರ ಕಾಮಗಾರಿ ಪರಿಶೀಲನೆ ಮಾಡೋಕ್ಕ, ಸಾಮಗ್ರಿದ ದೃಢೀಕೃತ ಸ್ಯಾಂಪಲ್ ತಗೋಳೋಕ್ಕ ಕೂಡ ಹಕ್ಕದ. ಅರ್ಜಿ ಕೊನೀಗ ಒಂದ್ ಸಾಲು ಹಾಕು, ಕೊಡ್ತಾರೋ ಬಿಡ್ತಾರೋ, ಓದಿ ಬೆವರಂತೂ ಬರ್ತದ. ಮತ್ತ ಅವ್ವಗ ಹೇಳು, ಒಬ್ಬನೇ ಹಾಕಬ್ಯಾಡ ಅನಸಿದ್ರ ಓಣ್ಯಾಗಿನ ನಾಲ್ಕ್ ಮಂದಿ ತಮ್ಮ ತಮ್ಮ ಹೆಸರಿಲೆ ಬ್ಯಾರೆ ಬ್ಯಾರೆ ಹಾಕ್ರಿ. ಗುತ್ತಿಗೆದಾರ ನಾಲ್ಕೂ ಮನ್ಯಾಗ ಚಾ ಕುಡೀಲಿ.

ಶಹಾಪುರ್ ಹುಡುಗ:
ಹಹ್ಹ ಅವ್ವಗ ಓದಿ ಹೇಳ್ದೆ, ನಕ್ಕಳು. ಟೇಪ್ ನಮ್ಮ ಮಾವನ ಹತ್ರ ಅದ, ಸೆಂಟ್ರಿಂಗ್ ಕೆಲಸದಾಂವ. ಅಂಚು ಮುರದ ಕಡಿ ಈಗ ಅಳದು ಬಂದೆ, ದಪ್ಪ 4 ಇಂಚೂ ಇಲ್ರಿ. ಸೋಮವಾರ ಎರಡೂ ಪೋಸ್ಟ್ ಮಾಡ್ತೀನಿ.

ಸುಮ್ನ ಕುಂತಾಂವ:
ಎಂಬಿ ಬಂದ್ರ ಅದರಾಗ ದಪ್ಪ ಎಷ್ಟ್ ಬರದಾರ ಇಲ್ಲಿ ಹಾಕು. ನಮ್ಮೋಣ್ಯಾಗೂ ಒಂದ್ ರೋಡ್ ಅದ.