ಸಹಾಯ ಬೇಕು: ಕಬಡ್ಡಿಯಲ್ಲಿ ತಲೆಗೆ ಪೆಟ್ಟು, ಸ್ಕ್ಯಾನ್ ನಾರ್ಮಲ್, ಆದರೂ ತಲೆನೋವು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಪಿಯುಸಿ ಓದ್ತಾನೆ, ಕಾಲೇಜು ಕಬಡ್ಡಿ ಟೀಮಿನ ರೈಡರ್. ಹೋದ ವಾರ ರೈಡ್‌ನಲ್ಲಿ ಡಿಫೆಂಡರ್ ಮೊಣಕಾಲು ಅವನ ತಲೆಗೆ ಬಡೀತು. ಪ್ರಜ್ಞೆ ತಪ್ಪಲಿಲ್ಲ, ಆದರೆ ಸ್ಕೋರ್ ಎಷ್ಟು ಅಂತ ಮತ್ತೆ ಮತ್ತೆ ಕೇಳ್ತಿದ್ದ. ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಸಿಟಿ ಸ್ಕ್ಯಾನ್ ನಾರ್ಮಲ್; ಕನ್ಕಷನ್ (ಪೆಟ್ಟಿಗೆ ಮೆದುಳು ಅಲುಗಾಡಿ ಅದರ ಕೆಲಸ ಸ್ವಲ್ಪ ಕಾಲ ಏರುಪೇರಾಗೋದು) ಅಂತ ಹೇಳಿ ರೆಸ್ಟ್ ಬರೆದುಕೊಟ್ರು.

ಮೊದಲೆರಡು ದಿನ ಮೊಬೈಲ್ ದೂರ ಇಟ್ಟು ಮನೆಯಲ್ಲೇ ಇದ್ದ. ಈಗ ನಿಧಾನಕ್ಕೆ ವಾಕಿಂಗ್ ಮಾಡ್ತಾನೆ, ಅದರಿಂದ ಏನೂ ಆಗಲ್ಲ. ಪುಸ್ತಕ ಹಿಡಿದು ಅರ್ಧ ಗಂಟೆ ಕೂತರೆ ಮಾತ್ರ ತಲೆನೋವು ಶುರು.

ಕೋಚ್ "ಸ್ಕ್ಯಾನ್ ಕ್ಲಿಯರ್ ಇದೆಯಲ್ಲ, ತಾಲೂಕು ಮ್ಯಾಚಿಗೆ ಕಳಿಸಿ" ಅಂತಿದ್ದಾರೆ. ಆದರೆ ಆ ಸ್ಕ್ಯಾನ್ ನೋಡೋದು ರಕ್ತಸ್ರಾವ, ಮೂಳೆ ಬಿರುಕು ಅಂಥದ್ದನ್ನ. ಕನ್ಕಷನ್ ಅದರಲ್ಲಿ ಕಾಣಲ್ಲ. ವಾಸಿಯಾಗೋ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಅನ್ನೋದೇ ನನ್ನ ಭಯ. ಮ್ಯಾಚಿಗಂತೂ ಕಳಿಸಲ್ಲ.

ಆಟಕ್ಕೆ ಮರಳೋಕೆ 6 ಹಂತ, ಒಂದೊಂದಕ್ಕೂ ಕನಿಷ್ಠ 24 ಗಂಟೆ, ಮೈ ತಾಕೋ ಪ್ರಾಕ್ಟೀಸ್‌ಗೆ ಮೊದಲು ಡಾಕ್ಟರ್ ಒಪ್ಪಿಗೆ ಅನ್ನೋದು ಗೊತ್ತು. ನನ್ನ ಗೊಂದಲ ಇಷ್ಟೇ: ಓದಿದಾಗ ಮಾತ್ರ ನೋವು ಬರ್ತಿರೋವಾಗ ಜಾಗಿಂಗ್ ಶುರು ಮಾಡಬಹುದಾ, ಇಲ್ಲ ಪೂರ್ತಿ ದಿನ ಕ್ಲಾಸಲ್ಲಿ ಕೂರೋ ಹಾಗಾಗೋವರೆಗೆ ಕಾಯಬೇಕಾ? ಒಪ್ಪಿಗೆಗೆ ನ್ಯೂರಾಲಜಿಸ್ಟ್ ಹತ್ರ ಹೋಗಬೇಕಾ, ಸ್ಪೋರ್ಟ್ಸ್ ಮೆಡಿಸಿನ್ ಡಾಕ್ಟರ್ ಹತ್ರನಾ?