ಡಬ್ಬಿ ಬದಲಿಸಿದ್ರೆ ಸಾರು ಬದಲಾಗುತ್ತಾ?

ಶೀನ: ಎಂಕೆವಿ ವಿಡಿಯೊ ಫೈಲಿಗೆ ರಿನೇಮ್ ಕೊಟ್ಟು, ಕೊನೇಲಿ ಎಂಪಿ4 ಅಂತ ಬರೆದ್ರೆ ಕನ್ವರ್ಟ್ ಆಯ್ತಲ್ಲ. ಅದಕ್ಕೊಂದು ಸಾಫ್ಟ್‌ವೇರ್ ಯಾಕೆ?

ಮೂರ್ತಿ: ಆಗೋದು ಹೆಸರು ಮಾತ್ರ ಮಾರಾಯ. ವಿಎಲ್‌ಸಿ ಪ್ಲೇಯರ್ ಒಳಗೆ ಇಣುಕಿ ನೋಡಿ ಆಡಿಸಿಬಿಡುತ್ತೆ, ನೀನು ಗೆದ್ದೆ ಅಂದ್ಕೋತೀಯ. ಅದೇ ಪೆನ್‌ಡ್ರೈವ್ ಹಳೇ ಟಿವಿಗೆ ಚುಚ್ಚಿ ನೋಡು, ಮರ್ಯಾದೆ ಹರಾಜು.

ವಿಮಲಕ್ಕ: ಎಂಕೆವಿ, ಎಂಪಿ4 ಎರಡೂ ಬರೀ ಡಬ್ಬಿ ಕಣೋ. ಒಳಗಿರೋ ಸಾರು, ಅಂದ್ರೆ ವಿಡಿಯೊ ಕುಗ್ಗಿಸಿಟ್ಟ ಬಗೆ, ಎಚ್.264ಓ, ಎಚ್.265ಓ ಅನ್ನೋದು ಮುಖ್ಯ. ವಿಎಲ್‌ಸಿಯಲ್ಲಿ ಕಂಟ್ರೋಲ್ ಜೆ ಒತ್ತಿದ್ರೆ ಕಾಣುತ್ತೆ. ಎಚ್.264 ಜೊತೆ ಎಎಸಿ ಆಡಿಯೊ ಇದ್ರೆ ಮತ್ತೆ ಕುದಿಸೋದೇ, ಅಂದ್ರೆ ಹೊಸದಾಗಿ ಎನ್‌ಕೋಡ್ ಮಾಡೋದೇ ಬೇಡ. ಎಫ್‌ಎಫ್‌ಎಂಪೆಗ್ ಅನ್ನೋ ಸಾಫ್ಟ್‌ವೇರ್‌ಗೆ ‘ಹೈಫನ್ ಸಿ ಕಾಪಿ’ ಅಂತ ಕೊಡು, ಡಬ್ಬಿಯಿಂದ ಡಬ್ಬಿಗೆ ಸುರಿಯುತ್ತೆ. ಫೈಲ್ ಕಾಪಿ ಆಗೋಷ್ಟೇ ಹೊತ್ತು, ಚಿತ್ರ ಒಂದು ಚೂರೂ ಕೆಡೊಲ್ಲ.

ಶೀನ: ಸಬ್‌ಟೈಟಲ್ ಇದ್ರೆ ತಕರಾರು ತೆಗೆಯುತ್ತಲ್ಲಕ್ಕ?

ವಿಮಲಕ್ಕ: ಎಸ್‌ಆರ್‌ಟಿ ಸಬ್‌ಟೈಟಲ್ ಎಂಪಿ4ಗೆ ಹಿಡಿಸೊಲ್ಲ. ಅದಕ್ಕೆ ಮಾತ್ರ ಕಾಪಿ ಬಿಟ್ಟು ‘ಎಂಒವಿ ಟೆಕ್ಸ್ಟ್’ ಅಂತ ಹಾಕು.

ಮೂರ್ತಿ: ಹೀಗೇ ಕಾಪಿ ಮಾಡ್ತಾ ಕತ್ತರಿಸೋದ್ರಲ್ಲಿದೆ ಅಸಲಿ ತಮಾಷೆ. ಮದುವೆ ವಿಡಿಯೊದಲ್ಲಿ ಧಾರೆ ಶುರುವಾಗೋ ಸೆಕೆಂಡ್ ಹುಡುಕಿ ಕಟ್ ಮಾಡು. ಮೊದಲು ವಾಲಗ ಮಾತ್ರ ಕೇಳುತ್ತೆ, ಪರದೆ ಕಪ್ಪು!

ಶೀನ: ಮುಹೂರ್ತದ ಹೊತ್ತಿಗೆ ಕರೆಂಟ್ ಹೋಗೋದು ವಾಡಿಕೆ ಬಿಡಿ.

ವಿಮಲಕ್ಕ: ಪೂರ್ತಿ ಚಿತ್ರ ಇರೋದು ಕೀಫ್ರೇಮ್‌ಗಳಲ್ಲಿ ಮಾತ್ರ. ನಡುವಿನ ಫ್ರೇಮ್‌ಗಳಲ್ಲಿರೋದು ಅಕ್ಕಪಕ್ಕದ ಚಿತ್ರಕ್ಕಿಂತ ಏನು ಬದಲಾಯ್ತು ಅನ್ನೋ ಲೆಕ್ಕ ಅಷ್ಟೇ. ಎಚ್.264 ತಯಾರಿಸೋ ಎಕ್ಸ್264 ಸಾಫ್ಟ್‌ವೇರ್‌ಗೆ ಏನೂ ಹೇಳದಿದ್ರೆ ಎರಡು ಕೀಫ್ರೇಮ್ ನಡುವೆ 250 ಫ್ರೇಮ್‌ವರೆಗೂ ಬಿಡುತ್ತೆ. ಸೆಕೆಂಡಿಗೆ 25ರ ಲೆಕ್ಕದಲ್ಲಿ ಅದು 10 ಸೆಕೆಂಡ್. ಕಾಪಿ ಮಾಡ್ತಾ ಕತ್ತರಿಸೋದಾದ್ರೆ ಶುರು ಕೀಫ್ರೇಮಲ್ಲೇ ಇರಬೇಕು. ಲಾಸ್‌ಲೆಸ್‌ಕಟ್ ಅನ್ನೋ ಕತ್ತರಿಸೋ ಸಾಫ್ಟ್‌ವೇರ್ ತೆರೆದು, ಧಾರೆಗಿಂತ ಹಿಂದಿನ ಕೀಫ್ರೇಮಿಗೆ ಹೋಗಿ ‘ಐ’ ಒತ್ತು, ಮುಗಿಯೋ ಕಡೆ ‘ಓ’ ಒತ್ತು, ಎಕ್ಸ್‌ಪೋರ್ಟ್ ಕೊಡು.

ಶೀನ: ಸರಿಯಾಗಿ ಮೂರನೇ ಗಂಟಿಗೇ ಶುರುವಾಗಬೇಕು ಅಂದ್ರೆ?

ವಿಮಲಕ್ಕ: ಆಗ ಮತ್ತೆ ಕುದಿಸಲೇಬೇಕು. ಎಕ್ಸ್264ರಲ್ಲಿ ಸಿಆರ್‌ಎಫ್ ಅನ್ನೋ ಗುಣಮಟ್ಟದ ಅಂಕಿ ತಾನಾಗಿ 23 ಇರುತ್ತೆ, ಇಳಿದಷ್ಟೂ ಚಿತ್ರ ಚೆನ್ನ. 18ಕ್ಕೆ ಇಳಿಸಿದ್ರೆ ಮೂಲಕ್ಕೂ ಇದಕ್ಕೂ ಕಣ್ಣಿಗೆ ವ್ಯತ್ಯಾಸ ತಿಳಿಯೋದು ಕಷ್ಟ. ಆ ಅಂಕಿ 6ರಷ್ಟು ಕಡಿಮೆ ಮಾಡಿದ್ರೆ ಫೈಲು ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ, ಅದು ನೆನಪಿರಲಿ.

ಶೀನ: ಸೊನ್ನೆ ಕೊಟ್ಟುಬಿಟ್ರೆ?

ವಿಮಲಕ್ಕ: ಲಾಸ್‌ಲೆಸ್, ಅಂದ್ರೆ ಏನೂ ನಷ್ಟ ಇಲ್ಲದ್ದಾಗಿ, ಫೈಲು ಮೂಲಕ್ಕಿಂತ ಎಷ್ಟೋ ಪಟ್ಟು ಊದಿಕೊಳ್ಳುತ್ತೆ. ಟಿವಿಯಂತೂ ಅದನ್ನ ಮುಟ್ಟೊಲ್ಲ.

ಮೂರ್ತಿ: ಹಳೇ ಮದುವೆ ಡಿವಿಡಿಗಳ ಕಥೆ ಹೇಳಿ. ಫೋಲ್ಡರ್ ತೆರೆದ್ರೆ ಒಂದೊಂದು ಜಿಬಿಯ ವಿಒಬಿ ತುಂಡುಗಳು. ಒಂದರಲ್ಲಿ ವರನ ಕಡೆಯವರು, ಇನ್ನೊಂದರಲ್ಲಿ ಊಟ.

ವಿಮಲಕ್ಕ: ತುಂಡುತುಂಡಾಗಿ ಎಳೀಬೇಡ. ಹ್ಯಾಂಡ್‌ಬ್ರೇಕ್ ಅನ್ನೋ ಕನ್ವರ್ಟರ್‌ಗೆ ‘ವಿಡಿಯೊ ಟಿಎಸ್’ ಫೋಲ್ಡರನ್ನೇ ಕೊಡು, ತಾನೇ ಜೋಡಿಸ್ಕೊಳ್ಳುತ್ತೆ. ಒಳಗಿರೋದು ಎಂಪೆಗ್-2, ನಮ್ಮಲ್ಲಿ ಪಾಲ್ ಟಿವಿ ಪದ್ಧತಿ, 720 ಗುಣಿಸು 576 ಪಿಕ್ಸೆಲ್. ಒಂದೊಂದು ಫ್ರೇಮಲ್ಲೂ ಎರಡು ಕ್ಷಣದ ಗೆರೆಗಳು ಹೆಣೆದುಕೊಂಡಿರುತ್ತವೆ. ಅದಕ್ಕೇ ಅಕ್ಷತೆ ಎಸೆಯೋ ಕೈಗಳೆಲ್ಲ ಅಡ್ಡಡ್ಡ ಸೀಳಿದ ಹಾಗೆ ಕಾಣೋದು. ಫಿಲ್ಟರ್ಸ್‌ನಲ್ಲಿ ಆ ಹೆಣಿಗೆ ಬಿಡಿಸೋ ಡಿಇಂಟರ್‌ಲೇಸ್ ಆನ್ ಮಾಡಿ, ಕ್ವಾಲಿಟಿ 20 ಇಡು.

ಶೀನ: ಹಾಗೇ 1080ಕ್ಕೂ ಏರಿಸಿಬಿಡೋಣ!

ವಿಮಲಕ್ಕ: ಇಲ್ಲದ ವಿವರ ಎಲ್ಲಿಂದ ಬರುತ್ತೋ? ಫೈಲು ದಪ್ಪ ಆಗುತ್ತೆ, ಮುಖ ಅಷ್ಟೇ ಮಸುಕು. ಮೊಬೈಲಲ್ಲಿ ತೆಗೆದದ್ದಾದ್ರೆ ಇನ್ನೊಂದು ಕಾಟ. ಫ್ರೇಮ್ ರೇಟ್ ಏರಿಳೀತಿರುತ್ತೆ, ಎಡಿಟರ್‌ಗೆ ಹಾಕಿದ್ರೆ ಹೋಗ್ತಾ ಹೋಗ್ತಾ ತುಟಿ ಒಂದು ಕಡೆ, ಮಾತು ಒಂದು ಕಡೆ. ಮೊದಲೇ ಹ್ಯಾಂಡ್‌ಬ್ರೇಕಲ್ಲಿ ಅದನ್ನ ಒಂದೇ ಸಮ ಇಡೋ ‘ಕಾನ್‌ಸ್ಟಂಟ್’ ಆರಿಸಿ ತೆಗೆದಿಟ್ಕೋಬೇಕು.

ಮೂರ್ತಿ: ಇಷ್ಟೆಲ್ಲ ಮಾಡಿ ವಾಟ್ಸಾಪ್‌ಗೆ ಹಾಕಿದ್ರೆ ಅದು ಮತ್ತೆ ಹಿಂಡಿ ಹಿಪ್ಪೆ ಮಾಡುತ್ತೆ.

ವಿಮಲಕ್ಕ: ಡಾಕ್ಯುಮೆಂಟ್ ಅಂತ ಕಳಿಸು, 2 ಜಿಬಿವರೆಗೆ ಇದ್ದದ್ದು ಇದ್ದ ಹಾಗೇ ಹೋಗುತ್ತೆ.

ಶೀನ: ಡಾಕ್ಯುಮೆಂಟ್ ಅಂತ ಬಂದ್ರೆ ನಮ್ಮತ್ತೆ ಕರೆಂಟ್ ಬಿಲ್ ಅಂದ್ಕೊಂಡು ತೆರೆಯೋದೇ ಇಲ್ಲಕ್ಕ!