ಓಮಿಜಾ ಏಕೆ ಇಷ್ಟು ಕಹಿ? ಗೋಜಿಯನ್ನು ಯಜಮಾನರಿಗೆ ಕೊಡಬಹುದೇ?

ಸಂಪಿಗೆ ರಸ್ತೆ
ಮಗಳು ಕೊರಿಯಾದ ಸೋಲ್‌ನಿಂದ ಬರುವಾಗ ಎರಡು ಪೊಟ್ಟಣ ತಂದಿದ್ದಾಳೆ. ಒಂದು ಓಮಿಜಾ: ಕಾಳುಮೆಣಸಿಗಿಂತ ತುಸು ದೊಡ್ಡದಾದ, ಸುಕ್ಕುಗಟ್ಟಿದ ಕಡುಗೆಂಪು ಹಣ್ಣು. ಇನ್ನೊಂದು ಒಣದ್ರಾಕ್ಷಿಯಂತಿರುವ ಗೋಜಿ. ಕಷಾಯದ ಮನೆ ನಮ್ಮದು, ಓಮಿಜಾವನ್ನೂ ಶುಂಠಿಯಂತೆ ಹತ್ತು ನಿಮಿಷ ಚೆನ್ನಾಗಿ ಕುದಿಸಿದೆ. ಬಣ್ಣವೇನೋ ಪುನರ್ಪುಳಿ ಪಾನಕದ ಹಾಗೆ. ಬಾಯಿಗಿಟ್ಟರೆ ಮೊದಲು ಹುಳಿ, ಹಿಂದೆಯೇ ನಾಲಿಗೆ ಹಿಡಿದುಕೊಳ್ಳುವಂಥ ಕಹಿ, ಒಗರು. ಅತ್ತೆಯವರು ಒಂದೇ ಗುಟುಕಿಗೆ ಲೋಟ ಕೆಳಗಿಟ್ಟರು. ಅಷ್ಟು ದೂರದಿಂದ ಹೊತ್ತು ತಂದದ್ದನ್ನು ಚೆಲ್ಲಲು ಮನಸ್ಸು ಬರುತ್ತಿಲ್ಲ. ಎಲ್ಲಿ ತಪ್ಪಿದೆ?

ಇನ್ನೊಂದು ವಿಷಯ. ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾದ ಮೇಲೆ ಯಜಮಾನರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುತ್ತಾರೆ. ಅವರಿಗೆ ಗೋಜಿ ಆಗುತ್ತದೆಯೇ?

ಕೊರಿಯಾದಲ್ಲಿ ಆರು ವರ್ಷ
ಕುದಿಸಿದ್ದೇ ತಪ್ಪಾಯಿತು, ಅಮ್ಮಾ. ಓಮಿಜಾ ಎಂದರೆ ಐದು ರುಚಿಯದು: ಸಿಹಿ, ಹುಳಿ, ಉಪ್ಪು, ಕಹಿ, ಖಾರ. ಕುದಿ ಬಂದರೆ ಬೀಜದ ಕಹಿಯೂ ಒಗರೂ ಬಿಟ್ಟುಕೊಂಡು ಉಳಿದ ರುಚಿಗಳನ್ನು ನುಂಗಿಬಿಡುತ್ತವೆ. ಒಂದು ಹಿಡಿ ತೊಳೆದು, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿನಲ್ಲಿ ಗಾಜಿನ ಭರಣಿಗೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸೋಸಿ ಜೇನು ಬೆರೆಸಿ. ಅಲ್ಲಿನವರು ಅದರಲ್ಲಿ ಪೇರ್ ಹಣ್ಣಿನ ತೆಳು ಬಿಲ್ಲೆಗಳನ್ನೂ ತೇಲಿಬಿಡುತ್ತಾರೆ.

ಔಷಧ ಅಂಗಡಿ
ಯಜಮಾನರಿಗೆ ಗೋಜಿ ಖಂಡಿತ ಬೇಡ. ವಾರ್ಫರಿನ್ ಜೊತೆ ಗೋಜಿ ಸೇವಿಸಿದವರಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬುದರ ಅಳತೆ) ಏರಿದ, ರಕ್ತಸ್ರಾವವಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಓಮಿಜಾ ಸಹ ಕೆಲವು ಔಷಧಗಳು ದೇಹದಲ್ಲಿ ಉಳಿಯುವ ಪ್ರಮಾಣವನ್ನು ಬದಲಿಸುತ್ತದೆ. ವೈದ್ಯರನ್ನು ಕೇಳದೆ ಎರಡನ್ನೂ ಕೊಡಬೇಡಿ. ಈಗಾಗಲೇ ಕುಡಿದಿದ್ದರೆ ಇಂದೇ ವೈದ್ಯರಿಗೆ ತಿಳಿಸಿ.

ಶಿಡ್ಲಘಟ್ಟದವನು
ಎಲೆಯ ಚಹಾ ಬೇಕೆಂದರೆ ನಮ್ಮ ಹಿಪ್ಪುನೇರಳೆ ಸೊಪ್ಪೇ ಇದೆ. ನಾವು ಹುಳುವಿಗೆ ಹಾಕುವ ಸೊಪ್ಪನ್ನು ಜಪಾನಿನವರು ಒಣಗಿಸಿ ಕುಡಿಯುತ್ತಾರೆ; 1211ರಲ್ಲೇ ಐಸಾಯ್ ಎಂಬ ಝೆನ್ ಭಿಕ್ಷು ಚಹಾದ ಜೊತೆಗೆ ಇದರ ಗುಣವನ್ನೂ ಬರೆದಿಟ್ಟಿದ್ದಾನೆ. ಎಳೆ ಸೊಪ್ಪನ್ನು ಹಬೆಯಲ್ಲಿ ಬಾಡಿಸಿ ನೆರಳಿನಲ್ಲಿ ಒಣಗಿಸಿ. ತೋಟಕ್ಕೆ ಔಷಧಿ ಹೊಡೆದಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಜಾಗ್ರತೆ, ಈ ಸೊಪ್ಪು ತಾನೇ ಸಕ್ಕರೆ ಏರುವುದನ್ನು ತಡೆಯುತ್ತದೆ.

ಸಂಪಿಗೆ ರಸ್ತೆ
ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಬೇಕಿತ್ತು: ಯಜಮಾನರು ಸೋಮವಾರದಿಂದ ದಿನಕ್ಕೊಂದು ಲೋಟ ಗೋಜಿ ನೀರು ಕುಡಿಯುತ್ತಿದ್ದರು, ಒಳ್ಳೆಯದೆಂದು ನಾನೇ ಕೊಟ್ಟಿದ್ದೆ. ಇದನ್ನು ಓದಿದ ಕೂಡಲೇ ವೈದ್ಯರಿಗೆ ಫೋನ್ ಮಾಡಿದೆ. ಗೋಜಿ ನಿಲ್ಲಿಸಿ, ತಕ್ಷಣ ಐಎನ್‌ಆರ್ ಪರೀಕ್ಷೆ ಮಾಡಿಸಿ ಎಂದರು. ರಕ್ತ ಕೊಟ್ಟು ಬಂದಿದ್ದೇವೆ, ಸಂಜೆ ವರದಿ ಬರುತ್ತದೆ. ಓಮಿಜಾ ಭರಣಿಯಲ್ಲಿ ನೆನೆಯುತ್ತಿದೆ, ಅದು ಅತ್ತೆಯವರಿಗೆ ಮತ್ತು ನನಗೆ ಮಾತ್ರ.